ನಾಯಿಯ ನೆಣವೂ ಮೈಯ ಕಾವಲೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಜೀವಶಾಸ್ತ್ರದ ವಿಷಯವನ್ನೆತ್ತಿಕೊಂಡು ಲೇಖನ ಬರೆಯಹೊರಟುದನ್ನು ಕಂಡು ಮಿತ್ರರು ನಕ್ಕರೆ ಅದು ಸಹಜವೇ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ, ಇವು ನನ್ನ ಪಾಠದ ವಿಷಯಗಳು. ಹೈಸ್ಕೂಲಿನಲ್ಲಿ ಒಂದೆರಡು ಸಲ ಸೂಕ್ಷ್ಮದರ್ಶಕದೊಳಗೆ ಇಣುಕಿ ನೋಡಿ, ಈರುಳ್ಳಿಯ ಸಿಪ್ಪೆಯಲ್ಲಿ ಕಂಡ ಗೆರೆಗಳನ್ನು ಜೀವಕೋಶಗಳೆಂದು ಬರೆದುಕೊಂಡದ್ದೇ ನನ್ನ ವಿಜ್ಞಾನದ ಬಂಡವಾಳ. ಆದರೂ ಈ ವಿಷಯವನ್ನು ನಾನು ಹುಡುಕಿಕೊಂಡು ಹೋಗಲಿಲ್ಲ. ಅದೇ ನಮ್ಮ ಮನೆಯ ಬಾಗಿಲಿಗೆ ಬಂದಿತು.

ನಮ್ಮ ತಂದೆಯವರು ಕುರಿ ಸಾಕುವವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕುರಿಹಟ್ಟಿಯ ಕಾವಲಿಗೆ ಕೆಂಚ ಎಂಬ ನಾಯಿ ಇದೆ. ಎರಡು ವರ್ಷಗಳಿಂದ ಅದಕ್ಕೆ ವಿಪರೀತ ತುರಿಕೆ. ಕಂಕುಳು, ಹೊಟ್ಟೆ, ಕಾಲ್ಬೆರಳ ಸಂದುಗಳನ್ನು ಕೆರೆದು ಕಚ್ಚಿ ರಕ್ತ ಬರಿಸಿಕೊಳ್ಳುತ್ತಿತ್ತು. ಪಶುವೈದ್ಯರು ನೋಡಿ, ಇದು ಹುಳುಕಜ್ಜಿಯಲ್ಲ, ಅಲರ್ಜಿ ಎಂದರು. ಮಾತ್ರೆ ಕೊಟ್ಟಾಗ ತುರಿಕೆ ನಿಲ್ಲುವುದು; ಬಿಟ್ಟರೆ ಹತ್ತು ದಿನಗಳಲ್ಲಿ ಮರಳುವುದು. ಮಾತ್ರೆ ಮುಂದುವರಿಸಿದರೆ ನಾಯಿಗೆ ತಡೆಯಲಾರದ ಬಾಯಾರಿಕೆ, ಹಸಿವು. ಹೀಗಿರುವಲ್ಲಿ ತಂದೆಯವರು ಒಮ್ಮೆ ಪಟ್ಟಣಕ್ಕೆ ಹೋದಾಗ ಯಾರೋ ಒಂದು ಹಸ್ತಪತ್ರವನ್ನು ಕೈಗಿತ್ತರು. ನಾಯಿಯ ಕೊಬ್ಬಿನಿಂದಲೇ ಕಾಂಡಕೋಶಗಳನ್ನು ತೆಗೆದು ಚುಚ್ಚಿದರೆ ಚರ್ಮರೋಗ, ಕೀಲುನೋವು, ಮೂತ್ರಪಿಂಡದ ರೋಗ ಎಲ್ಲವೂ ಒಂದೇ ಸೂಜಿಗೆ ಮಾಯವಾಗುತ್ತವೆಂದು ಅದರಲ್ಲಿತ್ತು. ಖರ್ಚನ್ನು ತಂದೆಯವರು ತಮ್ಮ ಲೆಕ್ಕದಲ್ಲಿ ನಾಲ್ಕು ಕುರಿ ಎಂದು ಹೇಳಿದರು. ಹಸ್ತಪತ್ರವನ್ನು ನನ್ನ ಮುಂದಿಟ್ಟು, “ನೀನು ಓದಿದವನು. ಇದು ದಿಟವೋ ಸಟೆಯೋ ನೋಡಿ ಹೇಳು. ದಿಟವಾದರೆ ನಾಲ್ಕು ಕುರಿ ಮಾರೋಣ” ಎಂದರು.

ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಮೂರು ತಿಂಗಳು ಹಿಡಿಯಿತು. ಪ್ರಾಣಿಶಾಸ್ತ್ರದ ಅಧ್ಯಾಪಕರನ್ನು ಕಾಡಿದೆ, ಪಶುವೈದ್ಯರನ್ನು ಕೇಳಿದೆ, ಅರ್ಥವಾಗದುದನ್ನು ನಾಲ್ಕು ನಾಲ್ಕು ಸಲ ಓದಿದೆ. ಈ ಲೇಖನವು ಅದರ ಫಲ.

ಮೈಯ ಕಾವಲುಗಾರರು

ಮೊದಲು ರೋಗರಕ್ಷಣೆಯ ವ್ಯವಸ್ಥೆ ಎಂದರೇನೆಂದು ತಿಳಿಯಬೇಕು. ಇದಕ್ಕೆ ಕೆಂಚನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹಟ್ಟಿಯ ನಾಯಿಗೆ ಎರಡು ವಿದ್ಯೆಗಳು ಬೇಕು. ತೋಳ ಬಂದರೆ ಬೊಗಳಬೇಕು, ಕಚ್ಚಬೇಕು. ಮನೆಯವರು ಬಂದರೆ ಸುಮ್ಮನಿರಬೇಕು. ಮೊದಲನೆಯದು ಮಾತ್ರ ಬಲ್ಲ ನಾಯಿ ಮನೆಗೆ ಮಾರಿ. ಎರಡನೆಯದು ಮಾತ್ರ ಬಲ್ಲ ನಾಯಿ ತೋಳಕ್ಕೆ ಮಿತ್ರ. ನಮ್ಮ ಮೈಯ ಬಿಳಿ ರಕ್ತಕಣಗಳಿಗೂ ಇವೇ ಎರಡು ವಿದ್ಯೆಗಳು ಬೇಕು.

ಈ ಕಾವಲುಪಡೆಯಲ್ಲಿ ಹಲವು ದರ್ಜೆಯ ಆಳುಗಳುಂಟು. ಮ್ಯಾಕ್ರೊಫೇಜ್ ಎಂಬ ದೊಡ್ಡ ಕಣಗಳು ಊತಕಗಳಲ್ಲಿ ತಿರುಗುತ್ತ ರೋಗಾಣುಗಳನ್ನೂ ಸತ್ತ ಕೋಶಗಳನ್ನೂ ನುಂಗುತ್ತವೆ. ಡೆಂಡ್ರೈಟಿಕ್ ಕೋಶಗಳು ಶತ್ರುವಿನ ತುಣುಕೊಂದನ್ನು ಹೊತ್ತು ದುಗ್ಧಗ್ರಂಥಿಗಳಿಗೆ ಹೋಗಿ ಟಿ-ಕೋಶಗಳಿಗೆ ತೋರಿಸುತ್ತವೆ. ಆ ತುಣುಕನ್ನು ಗುರುತಿಸಿದ ಟಿ-ಕೋಶವು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆದು ಸೈನ್ಯವೇ ಆಗುತ್ತದೆ. ಕೆಲವು ಟಿ-ಕೋಶಗಳು ನೇರವಾಗಿ ಕೊಲ್ಲುತ್ತವೆ. ಕೆಲವು ಸೈಟೊಕೈನ್‌ಗಳೆಂಬ ರಾಸಾಯನಿಕ ಸಂದೇಶಗಳನ್ನು ಹೊರಡಿಸಿ ಉಳಿದವರನ್ನು ಹುರಿದುಂಬಿಸುತ್ತವೆ. ಬಿ-ಕೋಶಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ.

ಯುದ್ಧವನ್ನು ಆರಂಭಿಸುವುದಕ್ಕಿಂತ ನಿಲ್ಲಿಸುವುದು ಕಷ್ಟ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಮೈಯಲ್ಲಿಯೂ ಅಷ್ಟೆ. ಸೈನ್ಯವನ್ನು ಹಿಂದಕ್ಕೆ ಕರೆಯಲು ನಿಯಂತ್ರಕ ಟಿ-ಕೋಶಗಳೆಂಬ ಬೇರೆಯೇ ಒಂದು ವರ್ಗವಿದೆ. ಇವುಗಳ ಕುರಿತ ಸಂಶೋಧನೆಗಾಗಿಯೇ ಜಪಾನಿನ ಶಿಮೋನ್ ಸಕಾಗುಚಿ, ಅಮೆರಿಕದ ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ ೨೦೨೫ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಈ ಹಿಡಿತ ತಪ್ಪಿದಾಗ ಎರಡು ಬಗೆಯ ಅನರ್ಥಗಳಾಗುತ್ತವೆ. ಒಂದು, ಕಾವಲುಗಾರರು ಮನೆಯವರ ಮೇಲೆಯೇ ಬೀಳುವುದು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇದಕ್ಕೇ ಹುಟ್ಟಿದೆಯೇನೋ ಎನಿಸುತ್ತದೆ. ಇನ್ನೊಂದು, ತರಗೆಲೆ ಅಲುಗಿದರೂ ತೋಳವೇ ಬಂದಿತೆಂದು ಬೊಗಳುವುದು. ಧೂಳಿನ ನುಸಿ, ಹೂವಿನ ಪರಾಗ ಮೊದಲಾದ ನಿರುಪದ್ರವಿ ವಸ್ತುಗಳ ಮೇಲೆ ಯುದ್ಧ ಸಾರುವುದು. ಇದೇ ಅಲರ್ಜಿ. ನಮ್ಮ ಕೆಂಚ ಹಟ್ಟಿಯಲ್ಲಿ ಎಂದೂ ಸುಳ್ಳು ಬೊಗಳಿದ ನಾಯಿಯಲ್ಲ. ಆದರೆ ಅದರ ಚರ್ಮದೊಳಗಿನ ಕಾವಲುಗಾರರು ಹಗಲಿರುಳು ಸುಳ್ಳು ಬೊಗಳುತ್ತಿದ್ದಾರೆ. ವೈದ್ಯರು ಕೊಡುವ ಸ್ಟೆರಾಯ್ಡ್ ಮಾತ್ರೆಯು ಎಲ್ಲ ಕಾವಲುಗಾರರ ಬಾಯನ್ನೂ ಒಟ್ಟಿಗೆ ಕಟ್ಟುತ್ತದೆ. ತುರಿಕೆ ನಿಲ್ಲುವುದೇನೋ ನಿಜ. ಆದರೆ ತೋಳ ಬಂದಾಗ ಬೊಗಳುವವರೂ ಇಲ್ಲವಾಗುತ್ತಾರೆ. ಕಾವಲನ್ನು ಕೊಲ್ಲದೆ ಸುಳ್ಳು ಬೊಗಳುವುದನ್ನು ಮಾತ್ರ ನಿಲ್ಲಿಸುವ ಉಪಾಯವುಂಟೆ? ಕಾಂಡಕೋಶಗಳ ಕಥೆ ಇಲ್ಲಿಗೆ ಬಂದು ಸೇರುತ್ತದೆ.

ನೆಣದೊಳಗಿನ ಗಸಿ

ಕಾಂಡದಿಂದ ಕೊಂಬೆಗಳು ಒಡೆಯುವಂತೆ ಯಾವ ಕೋಶದಿಂದ ಬೇರೆ ಬೇರೆ ಬಗೆಯ ಕೋಶಗಳು ಹುಟ್ಟಬಲ್ಲವೋ ಅದು ಕಾಂಡಕೋಶ. ಇದರಲ್ಲಿ ಹಲವು ಜಾತಿಗಳಿವೆ. ರಕ್ತವನ್ನು ಹುಟ್ಟಿಸುವ ಕಾಂಡಕೋಶಗಳಿರುವುದನ್ನು ಕೆನಡಾದ ಟಿಲ್ ಮತ್ತು ಮೆಕಲಕ್ ಎಂಬ ಇಬ್ಬರು ೧೯೬೧ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಮಾಸ್ಕೋ ನಗರದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಎಂಬ ವಿಜ್ಞಾನಿಯು ಅಸ್ಥಿಮಜ್ಜೆಯಲ್ಲಿಯೇ ಮತ್ತೊಂದು ಜಾತಿಯ ಕೋಶಗಳನ್ನು ಗುರುತಿಸಿದರು. ಮಜ್ಜೆಯನ್ನು ಗಾಜಿನ ಪಾತ್ರೆಯಲ್ಲಿಟ್ಟಾಗ ರಕ್ತದ ಕೋಶಗಳು ತೇಲುತ್ತಿದ್ದವು. ಕೆಲವೇ ಕೆಲವು ಕೋಶಗಳು ತಳಕ್ಕೆ ಅಂಟಿಕೊಂಡು ಬೆಳೆಯುತ್ತಿದ್ದವು. ಹೀಗೆ ಅಂಟಿಕೊಂಡವು ಮೂಳೆಯನ್ನು ಹುಟ್ಟಿಸಬಲ್ಲವಾಗಿದ್ದವು. ಇವುಗಳನ್ನೇ ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್ ಅವರು ೧೯೯೧ರಲ್ಲಿ ಮೆಸೆಂಕೈಮಲ್ ಕಾಂಡಕೋಶಗಳೆಂದು ಕರೆದರು. ಮೂಳೆ, ಮೃದ್ವಸ್ಥಿ, ಕೊಬ್ಬು ಈ ಮೂರೂ ಆಗಬಲ್ಲ ಕೋಶಗಳು ಇವು.

ಆದರೆ ಮಜ್ಜೆಯನ್ನು ತೆಗೆಯಬೇಕಾದರೆ ಮೂಳೆಯನ್ನು ಕೊರೆಯಬೇಕು. ಕೊರೆದರೂ ಸಿಗುವ ಕಾಂಡಕೋಶಗಳು ಅತ್ಯಲ್ಪ. ಸುಲಭವಾದ ದಾರಿಯೊಂದು ಹಿತ್ತಲಲ್ಲೇ ಇತ್ತು. ಹಿತ್ತಲ ಗಿಡ ಮದ್ದಲ್ಲವೆಂದು ಯಾರೂ ನೋಡಿರಲಿಲ್ಲ. ೧೯೬೪ರಲ್ಲಿ ಮಾರ್ಟಿನ್ ರಾಡ್‌ಬೆಲ್ ಎಂಬವರು ಇಲಿಯ ನೆಣವನ್ನು ಕೊಲಾಜಿನೇಸ್ ಎಂಬ ಕಿಣ್ವದಿಂದ ಕರಗಿಸಿ ಬಿಡಿ ಕೋಶಗಳನ್ನಾಗಿ ಮಾಡುವ ವಿಧಾನವನ್ನು ಪ್ರಕಟಿಸಿದರು. ಮಜ್ಜಿಗೆಯಲ್ಲಿ ಬೆಣ್ಣೆ ತೇಲುವಂತೆ ಕೊಬ್ಬಿನ ಕೋಶಗಳು ಮೇಲೆ ತೇಲಿದವು. ರಕ್ತನಾಳಗಳ ಸುತ್ತಣ ಚಿಕ್ಕ ಕೋಶಗಳು ಗಸಿಯಾಗಿ ತಳದಲ್ಲಿ ನಿಂತವು. ರಾಡ್‌ಬೆಲ್ ಅವರಿಗೆ ಬೇಕಾದುದು ಬೆಣ್ಣೆ. ಮುಂದೆ ಕೋಶಗಳ ಸಂದೇಶವಹನದ ಬಗ್ಗೆ ಕೆಲಸ ಮಾಡಿ ೧೯೯೪ರಲ್ಲಿ ಅವರು ನೊಬೆಲ್ ಪಾರಿತೋಷಕವನ್ನೂ ಪಡೆದರು. ಗಸಿಯ ಬೆಲೆ ಗೊತ್ತಾದುದು ೨೦೦೧ರಲ್ಲಿ. ಮನುಷ್ಯರ ಮೈಯಿಂದ ಹೀರಿ ತೆಗೆದ ಬೇಡದ ಕೊಬ್ಬಿನ ಗಸಿಯಲ್ಲಿ ಮಜ್ಜೆಯಲ್ಲಿರುವಂಥ ಕೋಶಗಳೇ ಇವೆ, ಅದೂ ಹೇರಳವಾಗಿವೆ ಎಂದು ಪೆಟ್ರೀಷಿಯಾ ಝುಕ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ತೋರಿಸಿದರು.

ನಾಯಿಯಲ್ಲಿಯೂ ವಿಧಾನ ಇದೇ. ಮಂಪರು ಕೊಟ್ಟು ತೊಡೆಯ ಸಂದು, ಹೆಗಲ ಹಿಂಭಾಗ ಅಥವಾ ಹೊಟ್ಟೆಯೊಳಗಿನಿಂದ ಸ್ವಲ್ಪ ನೆಣವನ್ನು ತೆಗೆಯುತ್ತಾರೆ. ಅದನ್ನು ಸಣ್ಣಗೆ ಕತ್ತರಿಸಿ, ತೊಳೆದು, ಮೈಯ ಕಾವಿನಲ್ಲಿಯೇ ಕಿಣ್ವದಲ್ಲಿಟ್ಟು ಕರಗಿಸಿ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಗಸಿಯನ್ನು ಬೇರ್ಪಡಿಸುತ್ತಾರೆ. ಗಸಿಯನ್ನು ಪೋಷಕ ದ್ರವದೊಡನೆ ಪ್ಲಾಸ್ಟಿಕ್ ಪಾತ್ರೆಯಲ್ಲಿಟ್ಟರೆ ಕಾಂಡಕೋಶಗಳು ತಳಕ್ಕಂಟುತ್ತವೆ. ಅಂಟದವನ್ನು ತೊಳೆದು ಚೆಲ್ಲುತ್ತಾರೆ. ಅಂಟಿದವು ಕೆಲವು ವಾರಗಳಲ್ಲಿ ಕೋಟಿಗಟ್ಟಲೆಯಾಗಿ ಬೆಳೆಯುತ್ತವೆ. ಇವು ನಿಜವಾಗಿಯೂ ಕಾಂಡಕೋಶಗಳೇ ಎಂಬುದಕ್ಕೆ ಪರೀಕ್ಷೆಗಳಿವೆ. ಮಾನವ ಕೋಶಗಳ ವಿಷಯದಲ್ಲಿ ೨೦೦೬ರಲ್ಲಿ ಅಂತರರಾಷ್ಟ್ರೀಯ ಸಂಘವೊಂದು ಹಾಕಿದ ನಿಯಮಗಳು ಮೂರು: ಪ್ಲಾಸ್ಟಿಕ್ಕಿಗೆ ಅಂಟಬೇಕು, ಮೈಮೇಲೆ ಗೊತ್ತಾದ ಗುರುತಿನ ಪ್ರೋಟೀನುಗಳಿರಬೇಕು, ರಕ್ತಕೋಶಗಳ ಗುರುತುಗಳಿರಬಾರದು, ಮೂಳೆ, ಮೃದ್ವಸ್ಥಿ, ಕೊಬ್ಬುಗಳಾಗಿ ಮಾರ್ಪಡಬೇಕು. ನಾಯಿಯ ಕೋಶಗಳನ್ನೂ ಹೆಚ್ಚುಕಡಿಮೆ ಇದೇ ಒರೆಗಲ್ಲಿಗೆ ಹಚ್ಚುತ್ತಾರೆ.

ನಾಯಿಯೇ ಏಕೆ?

ಈ ಶಾಸ್ತ್ರಕ್ಕೂ ನಾಯಿಗೂ ಹಳೆಯ ನಂಟಿದೆ. ಡೊನಾಲ್ ಥಾಮಸ್ ಎಂಬ ವೈದ್ಯರು ಅಮೆರಿಕದಲ್ಲಿ ಅಸ್ಥಿಮಜ್ಜೆಯ ಕಸಿಯನ್ನು ಮನುಷ್ಯರಲ್ಲಿ ಸಾಧಿಸುವ ಮುನ್ನ ವರ್ಷಗಟ್ಟಲೆ ನಾಯಿಗಳಲ್ಲಿ ಪ್ರಯೋಗಿಸಿದರು. ಕಸಿ ಮಾಡಿದ ಮಜ್ಜೆಯ ಬಿಳಿ ಕಣಗಳು ಆಶ್ರಯ ಕೊಟ್ಟ ಮೈಯನ್ನೇ ತಿರುಗಿ ಕಚ್ಚುವುದುಂಟು. ಅದನ್ನು ಹತೋಟಿಗೆ ತರುವ ಪಾಠವನ್ನು ಬಹುಮಟ್ಟಿಗೆ ಕಲಿಸಿದವು ಆ ನಾಯಿಗಳೇ. ೧೯೯೦ರಲ್ಲಿ ಥಾಮಸ್ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಆ ನಾಯಿಗಳ ಹೆಸರು ಯಾರಿಗೂ ಗೊತ್ತಿಲ್ಲ.

ಇನ್ನೊಂದು ಕಾರಣವೂ ಇದೆ. ಪ್ರಯೋಗಶಾಲೆಯ ಇಲಿಗೆ ರೋಗವನ್ನು ನಾವು ಅಂಟಿಸಬೇಕು. ನಾಯಿಗಾದರೋ ಚರ್ಮದ ಅಲರ್ಜಿ, ಕೀಲುಸವೆತ, ಕರುಳಿನ ಉರಿಯೂತ, ಕಣ್ಣೀರು ಬತ್ತುವ ರೋಗ ಇವು ನಮ್ಮಂತೆಯೇ ತಾವಾಗಿ ಬರುತ್ತವೆ. ಅದು ನಮ್ಮ ಮನೆಯ ಗಾಳಿಯನ್ನೇ ಉಸಿರಾಡುತ್ತದೆ, ನಾವು ತುಳಿದ ಧೂಳಿನಲ್ಲಿಯೇ ಮಲಗುತ್ತದೆ. ೨೦೦೫ರಲ್ಲಿ ಬಾಕ್ಸರ್ ಜಾತಿಯ ಟಾಶಾ ಎಂಬ ಹೆಣ್ಣುನಾಯಿಯ ಜೀನುಗಳ ಪೂರ್ಣ ನಕ್ಷೆ ಪ್ರಕಟವಾದ ಮೇಲೆ ಈ ಹೋಲಿಕೆಯನ್ನು ಅಧ್ಯಯನ ಮಾಡುವುದು ಇನ್ನೂ ಸುಲಭವಾಯಿತು.

ಬೊಗಳುವವರನ್ನು ಸುಮ್ಮನಿರಿಸುವ ಬಗೆ

ಮೊದಮೊದಲು ವಿಜ್ಞಾನಿಗಳ ಆಸೆ ಬೇರೆ ಇತ್ತು. ಕಾಂಡಕೋಶವನ್ನು ಸವೆದ ಕೀಲಿಗೆ ಹಾಕಿದರೆ ಅದೇ ಮೃದ್ವಸ್ಥಿಯಾಗಿ ಬೆಳೆದು ತೂತು ಮುಚ್ಚುವುದೆಂದು ಅವರು ನಂಬಿದ್ದರು. ಆದರೆ ಹಾಕಿದ ಕೋಶಗಳು ಬಹುಕಾಲ ಉಳಿಯುತ್ತಲೇ ಇರಲಿಲ್ಲ. ಆದರೂ ಕೆಲವೊಮ್ಮೆ ಗುಣ ಕಾಣುತ್ತಿತ್ತು. ಹಾಗಾದರೆ ಗುಣ ಎಲ್ಲಿಂದ? ೨೦೦೨ರ ಸುಮಾರಿನಲ್ಲಿ ಪ್ರಕಟವಾದ ಪ್ರಯೋಗಗಳು ಉತ್ತರದ ದಾರಿ ತೋರಿದವು: ಈ ಕೋಶಗಳನ್ನು ಜೊತೆಗಿಟ್ಟರೆ ಟಿ-ಕೋಶಗಳು ಮರಿ ಹಾಕುವುದನ್ನು ಕಡಿಮೆ ಮಾಡುತ್ತಿದ್ದವು.

ನಾಯಿಯ ಕೋಶಗಳ ಪ್ರಯೋಗ ನಡೆಯುವ ಬಗೆ ಹೀಗೆ. ನಾಯಿಯ ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸಿ, ಒಂದು ಜಾತಿಯ ಅವರೆಕಾಳಿನಿಂದ ತೆಗೆದ ಕಾನ್‌ಕನವಾಲಿನ್ ಎಂಬ ಪ್ರೋಟೀನನ್ನು ಬೆರೆಸುತ್ತಾರೆ. ಅದು ಟಿ-ಕೋಶಗಳನ್ನು ಕೆರಳಿಸುತ್ತದೆ. ಅವು ಒಂದೇ ಸಮನೆ ಇಬ್ಭಾಗವಾಗತೊಡಗುತ್ತವೆ. ಪಕ್ಕದ ಪಾತ್ರೆಯಲ್ಲಿ ಅಷ್ಟೇ ಟಿ-ಕೋಶಗಳು, ಅಷ್ಟೇ ಪ್ರೋಟೀನು, ಜೊತೆಗೆ ನೆಣದ ಕಾಂಡಕೋಶಗಳು. ಕೆಲವು ದಿನಗಳ ಮೇಲೆ ಎಣಿಸಿದರೆ ಎರಡನೆಯ ಪಾತ್ರೆಯಲ್ಲಿ ಟಿ-ಕೋಶಗಳು ಗಣನೀಯವಾಗಿ ಕಡಿಮೆ. ಕಾಂಡಕೋಶಗಳನ್ನು ತೆಗೆದು ಅವು ಬೆಳೆದ ದ್ರವವನ್ನಷ್ಟೇ ಹಾಕಿದರೂ ಒಂದಿಷ್ಟು ಪರಿಣಾಮ ಕಾಣುತ್ತದೆ. ಎಂದಮೇಲೆ ಈ ಕೋಶಗಳು ಏನನ್ನೋ ಸ್ರವಿಸುತ್ತಿವೆ ಎಂದಾಯಿತು.

ಆ ‘ಏನೋ’ ಒಂದಲ್ಲ, ಹಲವು. ಮೊದಲನೆಯದು ಪ್ರೊಸ್ಟಗ್ಲಾಂಡಿನ್ ಇ-೨. ನಾವು ಮೈಕೈ ನೋವಿಗೆ ನುಂಗುವ ಅನೇಕ ಮಾತ್ರೆಗಳು ತಡೆಯುವುದು ಇದೇ ವಸ್ತುವಿನ ತಯಾರಿಕೆಯನ್ನು. ನೋವು ಬರಿಸುವ ವಸ್ತುವೇ ಇಲ್ಲಿ ಶಾಂತಿದೂತನಾಗುವುದು ವಿಚಿತ್ರವಲ್ಲವೆ? ಇದು ಮ್ಯಾಕ್ರೊಫೇಜ್‌ಗಳ ಸ್ವಭಾವವನ್ನು ತಿರುಗಿಸುತ್ತದೆ; ಉರಿಯೂತವನ್ನು ಹೆಚ್ಚಿಸುವ ಸಂದೇಶಗಳ ಬದಲು ಅವು ಇಂಟರ್‌ಲ್ಯೂಕಿನ್-೧೦ ಎಂಬ ಶಮನದ ಸಂದೇಶವನ್ನು ಹೊರಡಿಸುತ್ತವೆ. ಎರಡನೆಯದು ಟಿ.ಜಿ.ಎಫ್. ಬೀಟಾ ಎಂಬ ಪ್ರೋಟೀನು. ಇದು ಟಿ-ಕೋಶಗಳ ವೃದ್ಧಿಯನ್ನು ತಗ್ಗಿಸುತ್ತದೆ, ಹಿಂದೆ ಹೇಳಿದ ನಿಯಂತ್ರಕ ಟಿ-ಕೋಶಗಳು ಹುಟ್ಟಲು ನೆರವಾಗುತ್ತದೆ. ಮೂರನೆಯ ಉಪಾಯ ಇನ್ನೂ ಸ್ವಾರಸ್ಯದ್ದು. ಟಿ-ಕೋಶ ಬೆಳೆಯಬೇಕಾದರೆ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಬೇಕೇಬೇಕು. ಮಾನವನ ಕಾಂಡಕೋಶಗಳು ಐ.ಡಿ.ಓ. ಎಂಬ ಕಿಣ್ವದಿಂದ ಅದನ್ನು ಒಡೆದುಹಾಕುತ್ತವೆ. ಕೋಟೆಗೆ ಮುತ್ತಿಗೆ ಹಾಕಿದ ಸೈನ್ಯಕ್ಕೆ ದಿನಸಿಯ ಬಂಡಿಗಳನ್ನು ತಡೆದಂತೆ ಇದು. ಇಲಿಯ ಕೋಶಗಳು ಇದೇ ಕೆಲಸಕ್ಕೆ ಮುಖ್ಯವಾಗಿ ನೈಟ್ರಿಕ್ ಆಕ್ಸೈಡನ್ನು ಬಳಸುತ್ತವೆ. ನಾಯಿಯ ನೆಣದ ಕೋಶಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವುದು ಮೊದಲು ಹೇಳಿದ ಎರಡು ವಸ್ತುಗಳ ಕೈವಾಡ. ಪ್ರಾಣಿಯಿಂದ ಪ್ರಾಣಿಗೆ ಉಪಾಯ ಬದಲಾಗುತ್ತದೆ. ಆದುದರಿಂದ ಇಲಿಯಲ್ಲಿ ಫಲಿಸಿತೆಂದ ಮಾತ್ರಕ್ಕೆ ನಾಯಿಯಲ್ಲಿಯೂ, ನಾಯಿಯಲ್ಲಿ ಫಲಿಸಿತೆಂದ ಮಾತ್ರಕ್ಕೆ ಮನುಷ್ಯನಲ್ಲಿಯೂ ಫಲಿಸಲೇಬೇಕೆಂದಿಲ್ಲ.

ಇಲ್ಲಿ ಮುಖ್ಯವಾದ ಒಂದು ಮಾತು. ಈ ಕೋಶಗಳು ಸದಾ ಶಮನವನ್ನೇ ಮಾಡುತ್ತಿರುವುದಿಲ್ಲ. ಕೆರಳಿದ ಟಿ-ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶವನ್ನು ಹೊರಡಿಸುತ್ತವೆ. ಅದು ಬಂದು ತಾಕಿದ ಮೇಲೆಯೇ ಕಾಂಡಕೋಶಗಳು ಪೂರ್ಣ ಬಲದಿಂದ ಕೆಲಸಕ್ಕೆ ತೊಡಗುವುದು. ನಮ್ಮ ಅಜ್ಜಿ ಒಳಗೆ ಬೀಸುತ್ತ ಕುಳಿತಿರುತ್ತಾರೆ. ಹೊರಗೆ ನಾಯಿ ಒಂದು ಸಲ ಬೊಗಳಿದರೆ ಏಳುವುದಿಲ್ಲ. ಗದ್ದಲ ಮಿತಿಮೀರಿದಾಗ ಮಾತ್ರ ಬಾಗಿಲಿಗೆ ಬಂದು, “ಸುಮ್ಮನಿರೋ ಕೆಂಚ, ಅವರು ನಮ್ಮವರು” ಎನ್ನುತ್ತಾರೆ. ನಾಯಿ ಬಾಲವಾಡಿಸುತ್ತದೆ. ಕಾಂಡಕೋಶವೂ ಹಾಗೆಯೇ, ಗದ್ದಲ ಕೇಳಿಸದೆ ಅದು ಎದ್ದುಬರುವುದಿಲ್ಲ. ಇದನ್ನು ತಿಳಿದಮೇಲೆ ಯಾವ ಹೊತ್ತಿನಲ್ಲಿ ಕೊಡುತ್ತೇವೆ ಎಂಬುದು ಎಷ್ಟು ಕೊಡುತ್ತೇವೆ ಎಂಬುದರಷ್ಟೇ ಮುಖ್ಯವೆಂದು ಹೊಳೆಯುತ್ತದೆ.

ಇನ್ನೂ ಸೋಜಿಗದ ಸಂಗತಿಯೊಂದಿದೆ. ರಕ್ತನಾಳಕ್ಕೆ ಚುಚ್ಚಿದ ಕೋಶಗಳು ರೋಗವಿರುವ ಸ್ಥಳವನ್ನು ಹುಡುಕಿಕೊಂಡು ಹೋಗುವುದು ಅಪರೂಪ. ಕೋಶದ ಗಾತ್ರ ದೊಡ್ಡದು. ಶ್ವಾಸಕೋಶದ ಸೂಕ್ಷ್ಮ ನಾಳಗಳಲ್ಲಿಯೇ ಬಹುಪಾಲು ಸಿಕ್ಕಿಕೊಂಡು ಕೆಲವು ದಿನಗಳಲ್ಲಿ ನಾಶವಾಗುತ್ತವೆ. ಆದರೆ ಸಾಯುವ ಕೋಶಗಳನ್ನು ನುಂಗಿದ ಬಿಳಿ ಕಣಗಳು ತಾವೇ ಶಾಂತಸ್ವಭಾವವನ್ನು ತಳೆಯುತ್ತವೆ. ಕೋಶಗಳ ಈ ಸಾವೇ ಚಿಕಿತ್ಸೆಯ ಒಂದು ಭಾಗವಿರಬಹುದೆಂದು ೨೦೧೭ರಲ್ಲಿ ಲಂಡನ್ನಿನ ಸಂಶೋಧಕರು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಹೀಗೆ ಇವು ಇಟ್ಟಿಗೆಗಳಲ್ಲ, ಸಂದೇಶವಾಹಕಗಳು ಎಂಬ ಅಭಿಪ್ರಾಯ ಬಲಿಯಿತು. ಕಾಂಡಕೋಶವೆಂದು ಹೆಸರಿಟ್ಟ ಕ್ಯಾಪ್ಲನ್ ಅವರೇ ೨೦೧೭ರಲ್ಲಿ, ಆ ಹೆಸರನ್ನು ಕೈಬಿಟ್ಟು ಔಷಧ ಸಂದೇಶದ ಕೋಶಗಳೆಂದು ಕರೆಯುವುದು ಲೇಸೆಂದು ಬರೆದರು. ತಾನೇ ಇಟ್ಟ ಹೆಸರು ತಪ್ಪೆಂದು ಒಪ್ಪಿಕೊಳ್ಳುವ ಆ ಧೈರ್ಯವನ್ನು ನಾವೂ ಕಲಿಯಬೇಕು.

ಈ ಶಾಂತಗುಣದಿಂದಲೇ ಇನ್ನೊಂದು ಅನುಕೂಲವಾಯಿತು. ಸಾಮಾನ್ಯವಾಗಿ ಪರರ ಅಂಗವನ್ನು ಮೈ ಒಪ್ಪುವುದಿಲ್ಲ. ಈ ಕೋಶಗಳ ಮೇಲಾದರೋ ಪರಕೀಯತೆಯನ್ನು ಸಾರುವ ಗುರುತುಗಳು ಕಡಿಮೆ. ಆದುದರಿಂದ ಒಂದು ನಾಯಿಯ ಕೋಶವನ್ನು ಮತ್ತೊಂದು ನಾಯಿಗೆ ಕೊಡಬಹುದು. ಅಷ್ಟೇ ಅಲ್ಲ, ಕುದುರೆಯ ಹೊಕ್ಕುಳಬಳ್ಳಿಯ ಕೋಶಗಳಿಂದ ತಯಾರಾದ ಡಾಗ್‌ಸ್ಟೆಮ್ ಎಂಬ ಔಷಧಿಯನ್ನು ನಾಯಿಗಳ ಕೀಲುಸವೆತಕ್ಕೆ ಬಳಸಲು ೨೦೨೨ರಲ್ಲಿ ಯೂರೋಪಿನಲ್ಲಿ ಅನುಮತಿ ದೊರೆಯಿತು. ಆದರೆ ಮೈ ಇವುಗಳನ್ನು ಕಾಣುವುದೇ ಇಲ್ಲವೆಂದು ತಿಳಿಯಬಾರದು. ಪದೇ ಪದೇ ಕೊಟ್ಟರೆ ಪ್ರತಿಕಾಯಗಳು ಹುಟ್ಟಬಹುದು.

ಲೆಕ್ಕದ ಪುಸ್ತಕ

ಇನ್ನು ತಂದೆಯವರ ಪ್ರಶ್ನೆಗೆ ಬರೋಣ. ಪಾತ್ರೆಯೊಳಗೆ ಕಂಡುದು ನಾಯಿಯ ಮೈಯೊಳಗೂ ನಡೆಯುತ್ತದೆಯೆ?

ಸೊಂಟದ ಕೀಲು ಸವೆದ ನಾಯಿಗಳಲ್ಲಿ ೨೦೦೭ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ, ಯಾವ ನಾಯಿಗೆ ಕೋಶ, ಯಾವುದಕ್ಕೆ ಬರಿಯ ದ್ರವ ಎಂಬುದನ್ನು ಪರೀಕ್ಷಕರಿಗೆ ತಿಳಿಸದೆ ಹೋಲಿಸಿದಾಗ, ನೆಣದ ಕೋಶಗಳನ್ನು ಪಡೆದವುಗಳ ಕುಂಟು ಕಡಿಮೆಯಾಗಿತ್ತು. ಕರುಳಿನ ಉರಿಯೂತವಿದ್ದ ೧೧ ನಾಯಿಗಳಿಗೆ ಸ್ಪೇನಿನಲ್ಲಿ ಇತರ ನಾಯಿಗಳ ನೆಣದ ಕೋಶಗಳನ್ನು ಕೊಟ್ಟ ವರದಿ ೨೦೧೫ರಲ್ಲಿ ಬಂದಿತು. ಆರು ವಾರಗಳಲ್ಲಿ ೯ ನಾಯಿಗಳು ಬಹುಮಟ್ಟಿಗೆ ಚೇತರಿಸಿಕೊಂಡಿದ್ದವು. ಕೆಂಚನ ರೋಗವಾದ ಚರ್ಮದ ಅಲರ್ಜಿಯ ವಿಷಯದಲ್ಲಿ ಮಾತ್ರ ಎರಡು ಬಗೆಯ ಉತ್ತರಗಳಿವೆ. ೨೦೧೦ರಲ್ಲಿ ಪ್ರಕಟವಾದ ಚಿಕ್ಕ ಪ್ರಯೋಗವೊಂದರಲ್ಲಿ ನಾಯಿಗಳಿಗೆ ತಮ್ಮದೇ ನೆಣದ ಕೋಶಗಳನ್ನು ಕೊಟ್ಟರೂ ಗಮನಾರ್ಹ ಗುಣ ಕಾಣಲಿಲ್ಲ. ೨೦೧೮ರಲ್ಲಿ ಸ್ಪೇನಿನವರು ೨೬ ನಾಯಿಗಳಿಗೆ ಬೇರೆ ನಾಯಿಗಳ ಕೋಶಗಳನ್ನು, ಮೈತೂಕದ ಕಿಲೋ ಒಂದಕ್ಕೆ ೧೫ ಲಕ್ಷದಂತೆ, ಕೊಟ್ಟಾಗ ತುರಿಕೆ ಇಳಿದು ಆರು ತಿಂಗಳವರೆಗೆ ಪರಿಣಾಮ ಉಳಿಯಿತು. ಆ ಲೆಕ್ಕದಲ್ಲಿ ೨೦ ಕಿಲೋ ತೂಗುವ ಕೆಂಚನಿಗೆ ೩ ಕೋಟಿ ಕೋಶಗಳು ಬೇಕು.

ಇದನ್ನೋದಿ ನಾನು ಹಿಗ್ಗಿದೆ. ಆಗ ಅಧ್ಯಾಪಕರು, “ಆ ೨೬ರ ಪಕ್ಕದಲ್ಲಿ ಬರಿಯ ದ್ರವ ಪಡೆದ ನಾಯಿಗಳು ಎಷ್ಟಿದ್ದವು?” ಎಂದು ಕೇಳಿದರು. ಇರಲಿಲ್ಲ. ಕರುಳಿನ ಪ್ರಯೋಗದಲ್ಲಿಯೂ ಇರಲಿಲ್ಲ. ಅಲರ್ಜಿಯು ಋತುವಿನೊಡನೆ ಏರಿಳಿಯುವ ರೋಗ. ಪರಾಗದ ಕಾಲ ಮುಗಿದರೆ ತಾನೇ ಇಳಿಯುತ್ತದೆ. ಸಾಲದುದಕ್ಕೆ, ಹಣ ಕೊಟ್ಟ ಯಜಮಾನನ ಕಣ್ಣಿಗೆ ನಾಯಿ ಕಡಿಮೆ ಕೆರೆದಂತೆ ತೋರುವುದೂ ಉಂಟು. ಹೋಲಿಸಲು ಪಕ್ಕದಲ್ಲಿ ಇನ್ನೊಂದು ಗುಂಪಿಲ್ಲದಿದ್ದರೆ ಗುಣ ಯಾವುದರಿಂದ ಎಂದು ನಿಶ್ಚಯಿಸುವುದು ಹೇಗೆ? ಒಂದೇ ಸಾಕ್ಷಿಯನ್ನು ನಂಬಿ ಇತಿಹಾಸ ಬರೆಯಬಾರದೆಂದು ನಮ್ಮ ತರಗತಿಯಲ್ಲಿ ಹೇಳುವ ಪಾಠವೇ ಇದು.

ಮನುಷ್ಯರ ವೈದ್ಯದಲ್ಲಿಯೂ ಇದೇ ಏರಿಳಿತ. ೨೦೦೪ರಲ್ಲಿ ಸ್ವೀಡನ್ನಿನ ವೈದ್ಯರು, ಕಸಿಯ ಕೋಶಗಳೇ ಮೈಯನ್ನು ಕಚ್ಚತೊಡಗಿ ಯಾವ ಔಷಧಿಗೂ ಬಗ್ಗದಿದ್ದ ೯ ವರ್ಷದ ಹುಡುಗನಿಗೆ ಅವನ ತಾಯಿಯ ಮಜ್ಜೆಯ ಕೋಶಗಳನ್ನು ಕೊಟ್ಟು ಉಳಿಸಿದ ಸಂಗತಿ ಜಗತ್ತನ್ನೇ ಬೆರಗುಗೊಳಿಸಿತು. ಅದೇ ಬಗೆಯ ರೋಗದಿಂದ ನರಳುವ ಮಕ್ಕಳಿಗೆ ಇಂಥ ಕೋಶಗಳ ಔಷಧಿಯೊಂದನ್ನು ಅಮೆರಿಕ ಸರ್ಕಾರ ಅಂಗೀಕರಿಸಿದ್ದು ಇಪ್ಪತ್ತು ವರ್ಷಗಳ ಮೇಲೆ, ೨೦೨೪ರ ಡಿಸೆಂಬರಿನಲ್ಲಿ. ಇನ್ನೊಂದು ಕಡೆ, ಕರುಳುರೋಗಿಗಳ ಭಗಂದರಕ್ಕಾಗಿ ಮಾನವ ನೆಣದ ಕೋಶಗಳಿಂದಲೇ ಮಾಡಿದ ಔಷಧಿಗೆ ಯೂರೋಪು ೨೦೧೮ರಲ್ಲಿ ಅನುಮತಿಯಿತ್ತಿತು; ಮುಂದಿನ ದೊಡ್ಡ ಪರೀಕ್ಷೆಯಲ್ಲಿ ಅದರ ಪ್ರಯೋಜನ ಸಿದ್ಧವಾಗದೆ ೨೦೨೪ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯು ದಾನಿಗಳ ಅಸ್ಥಿಮಜ್ಜೆಯ ಕೋಶಗಳಿಂದ ತಯಾರಿಸಿದ ಔಷಧಿಗೆ ಮೊಣಕಾಲಿನ ಕೀಲುಸವೆತಕ್ಕಾಗಿ ೨೦೨೨ರಲ್ಲಿ ಭಾರತದಲ್ಲಿ ಅನುಮತಿ ದೊರೆತಿದೆ. ಇದನ್ನು ಮನೆಯಲ್ಲಿ ಹೇಳಿದಾಗ ಅಜ್ಜಿ ತಮ್ಮ ಮೊಣಕಾಲು ನೀವಿಕೊಳ್ಳುತ್ತ, “ನಾಯಿಗಿಂತ ಮೊದಲು ನನ್ನನ್ನು ಕೇಳಬಾರದಿತ್ತೆ?” ಎಂದರು.

ಫಲದಲ್ಲಿ ಇಷ್ಟು ವ್ಯತ್ಯಾಸವೇಕೆಂಬುದಕ್ಕೂ ಕಾರಣಗಳಿವೆ. ಕೋಶಗಳು ಕಾರ್ಖಾನೆಯ ಮಾತ್ರೆಗಳಂತೆ ಒಂದೇ ಅಚ್ಚಿನವಲ್ಲ. ನೆಣ ಕೊಟ್ಟ ನಾಯಿಯ ವಯಸ್ಸು, ಪಾತ್ರೆಯಲ್ಲಿ ಎಷ್ಟು ತಲೆಮಾರು ಬೆಳೆಸಿದರು, ಹೆಪ್ಪುಗಟ್ಟಿಸಿ ಕರಗಿಸಿದರೋ ಹಸಿಯಾಗಿಯೇ ಕೊಟ್ಟರೋ, ರಕ್ತನಾಳಕ್ಕೋ ಕೀಲಿಗೋ, ರೋಗ ಎಳೆಯದೋ ಬಲಿತದ್ದೋ, ಇವೆಲ್ಲವೂ ಗಣನೆಗೆ ಬರುತ್ತವೆ. ಶುಚಿ ತಪ್ಪಿದರೆ ಕೋಶಗಳ ಜೊತೆಗೆ ರೋಗಾಣುಗಳೂ ಮೈ ಸೇರುತ್ತವೆ. ಗಂಟುಕಟ್ಟಿದ ಕೋಶಗಳು ಶ್ವಾಸಕೋಶದ ನಾಳಗಳನ್ನು ಮುಚ್ಚಬಹುದು. ಮನುಷ್ಯರ ವಿಷಯದಲ್ಲಿ, ಅಂಗೀಕೃತವಲ್ಲದ ಕಾಂಡಕೋಶ ಚಿಕಿತ್ಸೆಯನ್ನು ವಿಧಿವತ್ತಾದ ಪ್ರಯೋಗದ ಹೊರಗೆ ಕೊಡುವುದು ಸಲ್ಲದೆಂದು ೨೦೧೭ರ ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಎಲ್ಲ ರೋಗಕ್ಕೂ ಒಂದೇ ಸೂಜಿ ಎಂಬ ಹಸ್ತಪತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಉಪಸಂಹಾರ

ಯುಗಾದಿಯ ರಜೆಯಲ್ಲಿ ಊರಿಗೆ ಹೋದಾಗ ಹಟ್ಟಿಯಲ್ಲಿ ಕುಳಿತು ಇಷ್ಟನ್ನೂ ತಂದೆಯವರಿಗೆ ಹೇಳಿದೆ. ಕಾವಲುನಾಯಿ, ಅಜ್ಜಿ, ಬೆಣ್ಣೆ, ಗಸಿ ಇವೆಲ್ಲ ಆಗ ಹುಟ್ಟಿದ ಉಪಮೆಗಳೇ. ಅವರು ಕೊನೆಯವರೆಗೆ ಕೇಳಿ, “ಹಾಗಾದರೆ ಸಟೆಯಲ್ಲ, ಆದರೆ ಇನ್ನೂ ಹಣ್ಣಾಗಿಲ್ಲ ಅನ್ನು” ಎಂದರು. ಮೂರು ತಿಂಗಳ ನನ್ನ ಓದನ್ನು ಅವರು ಒಂದು ವಾಕ್ಯದಲ್ಲಿ ಹೇಳಿಬಿಟ್ಟರು.

ಕುರಿಗಳನ್ನು ಮಾರಲಿಲ್ಲ. ಪಶುವೈದ್ಯರ ಸಲಹೆಯಂತೆ ಚಿಗಟಕ್ಕೆ ಔಷಧಿ, ವಾರಕ್ಕೊಮ್ಮೆ ಔಷಧಿಯ ಸ್ನಾನ, ಮಲಗುವ ಗೋಣಿಯನ್ನು ಬಿಸಿಲಿಗೆ ಹಾಕುವುದು ಇವುಗಳಿಂದ ಮಾತ್ರೆಯನ್ನು ಮೊದಲಿನ ಕಾಲುಭಾಗಕ್ಕೆ ಇಳಿಸಿದ್ದಾರೆ. ಕೆಂಚ ಈಗಲೂ ಕೆರೆದುಕೊಳ್ಳುತ್ತದೆ, ರಕ್ತ ಬರುವಷ್ಟಲ್ಲ. ನೆಣದ ಕೋಶಗಳ ವಿದ್ಯೆ ಹಣ್ಣಾದ ದಿನ ಅದು ಬದುಕಿರುವುದೋ ಇಲ್ಲವೋ ಹೇಳಲಾರೆ.

ಕಲಾ ವಿಭಾಗದ ಮಿತ್ರರಲ್ಲಿ ಒಂದು ಅರಿಕೆ. ನಮ್ಮಲ್ಲಿ ಅನೇಕರು ತಂತಮ್ಮ ಮನೆಯ ಮೊದಲ ಓದುಗರು. ಹಸ್ತಪತ್ರವೋ, ಸಾಲದ ಪತ್ರವೋ, ವೈದ್ಯರ ಚೀಟಿಯೋ, ಏನೇ ಬಂದರೂ ಮನೆಯವರು ನಮ್ಮ ಮುಂದೆ ಹಿಡಿಯುತ್ತಾರೆ. ಇದು ನನ್ನ ವಿಷಯವಲ್ಲ ಎಂದು ಹೇಳುವ ಹಕ್ಕು ನಮಗಿನ್ನೂ ಬಂದಿಲ್ಲ. ತಿಳಿಯದುದನ್ನು ತಿಳಿದವರಲ್ಲಿ ಕೇಳಬಹುದು; ನಾನು ಮಾಡಿದುದು ಅಷ್ಟೆ. ಈ ಬರೆಹದಲ್ಲಿ ತಪ್ಪುಗಳಿದ್ದರೆ ವಿಜ್ಞಾನ ವಿಭಾಗದ ಅಧ್ಯಾಪಕರು ತಿದ್ದಬೇಕೆಂದು ಪ್ರಾರ್ಥನೆ. ತಿದ್ದಿದುದನ್ನು ಮುಂದಿನ ರಜೆಯಲ್ಲಿ ಹಟ್ಟಿಯಲ್ಲಿ ಹೇಳಬೇಕಾಗಿದೆ.